ಮೆಟ್ಟಿಲ ಹಲಗೆ ಕೊಟ್ಟ ತೋಟದ ಮಾಲಿ: ಜೋಸೆಫ್ ಮೋನಿಯೇ

ಕೆಲವು ವರ್ಷಗಳ ಹಿಂದೆ ನಾವು ಪಾಠ ಹೇಳುತ್ತಿದ್ದ ಒಂದು ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನು ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡನು. ಓಡಿ ಬಿದ್ದುದಲ್ಲ, ಜಾರಿ ಬಿದ್ದುದೂ ಅಲ್ಲ. ಕಾಲಿಟ್ಟ ಹಲಗೆಯೇ ನಡುವೆ ಎರಡಾಗಿ ಬಿರಿದು ಕೆಳಗಿಳಿಯಿತು. ಕಟ್ಟಡದ ಹೊರಬದಿಯಲ್ಲಿ ಎರಡು ಕಬ್ಬಿಣದ ತೊಲೆಗಳನ್ನು ಓರೆಯಾಗಿ ನಿಲ್ಲಿಸಿ, ಮೊದಲೇ ಅಚ್ಚಿನಲ್ಲಿ ಎರೆದು ತಂದ ಕಾಂಕ್ರೀಟಿನ ಹಲಗೆಗಳನ್ನು ಅವುಗಳ ಮೇಲೆ ಸಾಲಾಗಿ ಕೂರಿಸಿದ ತೆರೆದ ಮೆಟ್ಟಿಲು ಅದು. ಆ ದಿನ ಮೇಲ್ವಿಚಾರಣೆಯ ಸರದಿ ನಮ್ಮದಾಗಿತ್ತು. ಹುಡುಗನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದವರೂ ನಾವೇ, ಅವನ ತಾಯಿಯ ಮುಂದೆ ತಲೆ ತಗ್ಗಿಸಿ ನಿಂತವರೂ ನಾವೇ.

ಆಮೇಲೆ ಬಂದ ಇಂಜಿನಿಯರರು ಮುರಿದ ತುಂಡನ್ನು ಮಗುಚಿ ತೋರಿಸಿದರು. ಒಳಗೆ ಕಂಬಿಯಿತ್ತು, ಸಿಮೆಂಟೂ ಕಳಪೆಯಲ್ಲ. ಆದರೆ ಕಂಬಿ ಮೇಲುಮೈಗೆ ಹತ್ತಿರವಾಗಿತ್ತು. ಕೆಳಮೈಯಲ್ಲಿ ಇರಬೇಕಾದುದು ಮೇಲೆ ಬಂದಿತ್ತು. ಅಚ್ಚಿನ ತಳಕ್ಕೆ ತಗಲಿದ ಮುಖ ಕನ್ನಡಿಯಂತೆ ನುಣುಪಾಗಿರುತ್ತದೆಯಲ್ಲ, ಚಂದ ಕಾಣಲಿ ಎಂದು ಕೂರಿಸಿದವನು ಹಲಗೆಯನ್ನು ಬೋರಲು ಹಾಕಿ ಆ ನುಣುಪು ಮುಖವನ್ನು ಮೇಲೆ ಮಾಡಿದ್ದನು. ಅಂದದ ಆಸೆಗೆ ಒಂದು ಮಗುವಿನ ಕೈ ಹೋಯಿತು. ಕಂಬಿ ಯಾವಾಗಲೂ ಕೆಳಗಿರಬೇಕು ಎಂಬ ಪಾಠವನ್ನು ನಾವು ಅಂದು ಕಲಿತೆವು. ಈ ಪಾಠವೂ ಅರ್ಧವೇ ಸರಿ ಎಂದು ತಿಳಿಯಲು ಗಡಹಿಂಗ್ಲಜದವರೆಗೆ ಹೋಗಬೇಕಾಯಿತು. ಅದನ್ನು ಮುಂದೆ ಹೇಳುತ್ತೇವೆ. ಕಂಬಿಯನ್ನು ಕಾಂಕ್ರೀಟಿನೊಳಗೆ ಹುದುಗಿಸುವ ವಿದ್ಯೆಯನ್ನು ಲೋಕಕ್ಕೆ ಹಂಚಿದ ಪುಣ್ಯಾತ್ಮ ಯಾರೆಂದು ನಾವು ಹುಡುಕಿದ್ದು ಆ ಘಟನೆಯ ಬಳಿಕ. ಯಾರೋ ದೊಡ್ಡ ಇಂಜಿನಿಯರನಿರಬೇಕೆಂದು ನಾವು ಎಣಿಸಿದ್ದೆವು. ಸಿಕ್ಕಿದವನು ಒಬ್ಬ ತೋಟದ ಮಾಲಿ.

ಜೋಸೆಫ್ ಮೋನಿಯೇ ಹುಟ್ಟಿದ್ದು 1823ರ ನವೆಂಬರ್ 8ರಂದು, ಫ್ರಾನ್ಸಿನ ದಕ್ಷಿಣದ ಗಾರ್ ಪ್ರಾಂತದ ಸಾಂ ಕಾಂತಾಂ ಲ ಪೊತರಿ ಎಂಬ ಹಳ್ಳಿಯಲ್ಲಿ. ಪೊತರಿ ಎಂದರೆ ಕುಂಬಾರಿಕೆ. ಮಡಕೆ ಕುಡಿಕೆಗಳಿಗೆ ಹೆಸರಾದ ಊರದು. ಮುಂದೆ ಹೂಕುಂಡದಿಂದಲೇ ಹೆಸರು ಪಡೆಯಲಿದ್ದವನು ಕುಂಬಾರರ ಊರಿನಲ್ಲಿ ಹುಟ್ಟಿದ್ದು ಒಂದು ಚೋದ್ಯ. ಈತನು ಹುಟ್ಟಿದ ಮರುವರ್ಷ, 1824ರಲ್ಲಿ, ಇಂಗ್ಲೆಂಡಿನ ಲೀಡ್ಸಿನಲ್ಲಿ ಜೋಸೆಫ್ ಆಸ್ಪ್ಡಿನ್ ಎಂಬ ಇಟ್ಟಿಗೆ ಕೆಲಸದವನು ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನು. ಎರಡು ಜೋಸೆಫರು, ಇಬ್ಬರೂ ಕೈಕೆಲಸದವರು.

ಮೋನಿಯೇ ಮನೆತನದವರು ಯುಜೆಸ್ ಎಂಬಲ್ಲಿನ ಡ್ಯೂಕನ ತೋಟದಲ್ಲಿ ದುಡಿಯುತ್ತಿದ್ದರು. ಮನೆ ತುಂಬ ಮಕ್ಕಳು. ಜೋಸೆಫನಿಗೆ ಶಾಲೆಯ ಮೆಟ್ಟಿಲು ಹತ್ತುವ ಭಾಗ್ಯವಿರಲಿಲ್ಲ. ಚಿಕ್ಕಂದಿನಲ್ಲೇ ಗುದ್ದಲಿ ಹಿಡಿದನು. ಕೆಲಸದಲ್ಲಿ ಚುರುಕಾಗಿದ್ದುದರಿಂದ ಡ್ಯೂಕನು ಅವನನ್ನು ಪ್ಯಾರಿಸಿನಲ್ಲಿದ್ದ ತನ್ನ ಮನೆಯ ತೋಟಕ್ಕೆ ಕರೆಸಿಕೊಂಡನು. ಹಗಲಲ್ಲಿ ಗಿಡ, ರಾತ್ರಿ ಪಾಠ. ಪ್ರಾಯಕ್ಕೆ ಬಂದ ಮೇಲೆ ರಾತ್ರಿ ತರಗತಿಯಲ್ಲಿ ಕುಳಿತು ಓದು ಬರಹ ಕಲಿತನು. ವಯಸ್ಕರ ಶಿಕ್ಷಣದ ತರಗತಿ ನಡೆಸಿದ ನಮ್ಮಂಥವರಿಗೆ ಈ ಸಂಗತಿ ಒಂದಿಷ್ಟು ಹುರುಪು ಕೊಡುತ್ತದೆ ಎಂದರೆ ಓದುಗರು ಆಕ್ಷೇಪಿಸಲಾರರು.

1846ರ ವೇಳೆಗೆ ಈತನು ಡ್ಯೂಕನ ಊಳಿಗ ಬಿಟ್ಟು ಪ್ಯಾರಿಸಿನ ಲೂವ್ರ್ ಅರಮನೆಯ ಪಕ್ಕದ ತ್ವಿಲ್ರಿ ರಾಜೋದ್ಯಾನದಲ್ಲಿ ಕೆಲಸಕ್ಕೆ ಸೇರಿದನು. ಅಲ್ಲಿ ಕಿತ್ತಳೆ ಗಿಡಗಳನ್ನು ಬೆಳೆಸುತ್ತಿದ್ದರು. ಪ್ಯಾರಿಸಿನ ಚಳಿಗೆ ಕಿತ್ತಳೆ ಬದುಕುವುದಿಲ್ಲ. ಆದ್ದರಿಂದ ಅವುಗಳನ್ನು ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ನೆಟ್ಟು, ಬೇಸಗೆಯಲ್ಲಿ ಬಯಲಿಗೂ ಚಳಿಗಾಲದಲ್ಲಿ ಗಾಜಿನ ಮನೆಗೂ ಹೊತ್ತು ಸಾಗಿಸಬೇಕು. ಮರದ ತೊಟ್ಟಿ ನೀರು ಕುಡಿದು ಕುಂಬಾಗುತ್ತಿತ್ತು. ಮಣ್ಣಿನ ಕುಂಡ ಬೇರಿನ ಒತ್ತಡಕ್ಕೂ ಎತ್ತಿ ಇಳಿಸುವ ಪೆಟ್ಟಿಗೂ ಒಡೆಯುತ್ತಿತ್ತು. ಸಿಮೆಂಟಿನಿಂದ ಮಾಡಿ ನೋಡಿದನು, ಅದೂ ಬಿರಿಯಿತು. 1849ರ ಸುಮಾರಿಗೆ ಕಬ್ಬಿಣದ ತಂತಿಯ ಬಲೆಯನ್ನು ಕುಂಡದ ಆಕಾರಕ್ಕೆ ಬಾಗಿಸಿ ಅದರ ಎರಡೂ ಬದಿಗೆ ಸಿಮೆಂಟು ಗಾರೆ ಮೆತ್ತಿದನು. ಕುಂಡ ನಿಂತಿತು.

ಅದು ಏಕೆ ನಿಂತಿತು ಎಂದು ಮಾಲಿಗೆ ಗೊತ್ತಿರಲಿಲ್ಲ. ಇಂದು ನಮಗೆ ಗೊತ್ತಿದೆ. ಕಾಂಕ್ರೀಟನ್ನು ಅದುಮಿದರೆ ಅದು ಕಲ್ಲಿನಂತೆ ತಾಳುತ್ತದೆ. ಎಳೆದರೆ ಅದುಮುವ ಬಲದ ಹತ್ತನೆಯ ಒಂದು ಪಾಲಿಗೇ ಬಿರಿಯುತ್ತದೆ. ಎಳೆತವನ್ನು ಕಬ್ಬಿಣ ತಾಳುತ್ತದೆ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಆದ್ದರಿಂದ ಒಂದನ್ನೊಂದು ಬಿಡುವುದಿಲ್ಲ. ಸಿಮೆಂಟಿನ ಕ್ಷಾರಗುಣ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಇಂದಿನ ಪೇಟೆಗಳು ಈ ರೂಪದಲ್ಲಿ ಇರುತ್ತಿರಲಿಲ್ಲ.

ಈ ಯೋಚನೆ ಹೊಳೆದವನು ಮೋನಿಯೇ ಒಬ್ಬನೇ ಅಲ್ಲ ಎಂಬುದನ್ನೂ ಹೇಳಬೇಕು. ಅದೇ ಫ್ರಾನ್ಸಿನ ಜೋಸೆಫ್ ಲೂಯಿ ಲಾಂಬೋ ಎಂಬವನು 1848ರಲ್ಲಿ ಕಬ್ಬಿಣದ ಬಲೆಗೆ ಸಿಮೆಂಟು ಮೆತ್ತಿ ದೋಣಿಯನ್ನೇ ಮಾಡಿದ್ದನು. 1855ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಅದನ್ನು ಇಟ್ಟಿದ್ದನು. ಜನ ನೋಡಿ ಬೆರಗಾಗಿ ಮನೆಗೆ ಹೋದರು. ಫ್ರಾಂಸ್ವಾ ಕ್ವಾನ್ಯೆ ಎಂಬವನು 1853ರಲ್ಲಿ ಪ್ಯಾರಿಸಿನ ಬಳಿ ಕಾಂಕ್ರೀಟಿನ ಮನೆ ಕಟ್ಟಿದ್ದನು. ಮೋನಿಯೇಯ ಹೆಚ್ಚುಗಾರಿಕೆ ಬೇರೆ. ಈತನು ಕುಂಡಕ್ಕೆ ನಿಲ್ಲಲಿಲ್ಲ. ಕೈಗೆ ಸಿಕ್ಕಿದ ಪ್ರತಿಯೊಂದನ್ನೂ ಇದರಿಂದ ಮಾಡಬಹುದೇ ಎಂದು ಕೇಳುತ್ತ ಹೋದನು.

1867ರ ಜುಲೈ 16ರಂದು ತೋಟಗಾರಿಕೆಯ ಕುಂಡ ಹಾಗೂ ತೊಟ್ಟಿಗಳಿಗೆ ಮೊದಲ ಹಕ್ಕುಪತ್ರ ಸಿಕ್ಕಿತು. ಅದೇ ವರ್ಷದ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿ ತನ್ನ ಸಾಮಾನುಗಳನ್ನು ಇಟ್ಟನು. 1868ರಲ್ಲಿ ಕೊಳವೆ ಮತ್ತು ನೀರಿನ ತೊಟ್ಟಿ. 1869ರಲ್ಲಿ ಕಟ್ಟಡಕ್ಕೆ ಬೇಕಾದ ಚಪ್ಪಟೆ ಹಲಗೆಗಳು. ನಡುವೆ 1870ರಲ್ಲಿ ಪ್ರಶ್ಯದೊಡನೆ ಯುದ್ಧ ಬಂತು, ಪ್ಯಾರಿಸಿಗೆ ಮುತ್ತಿಗೆ ಬಿತ್ತು. 1871ರ ದಂಗೆಯಲ್ಲಿ ತ್ವಿಲ್ರಿ ಅರಮನೆಯೇ ಸುಟ್ಟುಹೋಯಿತು. ಮಾಲಿ ಮತ್ತೆ ಎದ್ದನು. 1873ರಲ್ಲಿ ಸೇತುವೆಗೆ ಹಕ್ಕು. 1875ರಲ್ಲಿ ಮೆಟ್ಟಿಲಿಗೆ ಹಕ್ಕು. ಅದೇ 1875ರಲ್ಲಿ ಶಾಜಲೆ ಎಂಬ ಊರಿನ ಕೋಟೆಮನೆಯ ಕಂದಕದ ಮೇಲೆ ಸುಮಾರು 14 ಮೀಟರ್ ಉದ್ದದ, 4 ಮೀಟರಿಗಿಂತ ತುಸು ಹೆಚ್ಚು ಅಗಲದ ಸೇತುವೆಯನ್ನು ಕಟ್ಟಿದನು. ಕಬ್ಬಿಣ ಹುದುಗಿಸಿದ ಕಾಂಕ್ರೀಟಿನ ಮೊದಲ ಸೇತುವೆ ಇದೇ. ಅದರ ಕೈಗಂಬಿಗಳು ತೊಗಟೆ ಸಮೇತದ ಮರದ ಕೊಂಬೆಗಳಂತೆ ಕಾಣುತ್ತವೆ, ಅವೂ ಸಿಮೆಂಟಿನವೇ. ಸೇತುವೆ ಕಟ್ಟುವಾಗಲೂ ಈತನು ಮಾಲಿಯಾಗಿಯೇ ಉಳಿದಿದ್ದನು.

ಮೆಟ್ಟಿಲಿನ ಆ ಹಕ್ಕುಪತ್ರವೇ ನಮ್ಮನ್ನು ಗಡಹಿಂಗ್ಲಜಕ್ಕೆ ಕರೆದೊಯ್ದುದು ಎಂದರೆ ತಪ್ಪಲ್ಲ. ನಮ್ಮ ಟಿ.ಸಿ.ಎಚ್. ಸಹಪಾಠಿಯೊಬ್ಬರು ಕೊಲ್ಲಾಪುರ ಜಿಲ್ಲೆಯ ಆ ಊರಿನವರು. ಮಹಾರಾಷ್ಟ್ರದಲ್ಲಿ ಮನೆ, ಗಡಿ ದಾಟಿ ಸಂಕೇಶ್ವರದ ಕಡೆ ಮೇಷ್ಟರ ಕೆಲಸ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಕಾಸರಗೋಡಿನವರಾದ ನಮಗೆ ಅವರ ಬದುಕನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಳೆದ ಓಣಂ ರಜೆಯಲ್ಲಿ ಅವರು ಮನೆಗೆ ಮಾಳಿಗೆ ಹಾಕಿಸುತ್ತಿದ್ದರು, ನಮ್ಮನ್ನೂ ಕರೆದರು.

ಆ ಸೀಮೆಯ ಹಳೆಯ ವಾಡೆಗಳಲ್ಲಿ ಮೆಟ್ಟಿಲು ಗೋಡೆಯ ದಪ್ಪದೊಳಗೆ ಕತ್ತಲೆಯಲ್ಲಿ ಅಡಗಿರುತ್ತಿತ್ತು, ಇಲ್ಲವೇ ಏಣಿಯಂತೆ ಕಡಿದಾದ ಮರದ್ದಾಗಿರುತ್ತಿತ್ತು. ಈಗ ಹೊಸ ಮನೆಗಳಲ್ಲಿ ತೆರೆದ ಮೆಟ್ಟಿಲು ಕಾಣುತ್ತದೆ. ಹಲಗೆ ಹಲಗೆಯ ನಡುವೆ ಅಡ್ಡಗೋಡೆಯಿಲ್ಲ. ಬೆಳಕು, ಗಾಳಿ ತೂರಿಹೋಗುತ್ತವೆ. ಇಚಲಕರಂಜಿಯಲ್ಲಿ ಕೆಳಗೆ ಮಗ್ಗದ ಶೆಡ್ಡು, ಮೇಲೆ ಸಂಸಾರ. ಒಳಗೆ ಒಂದು ಮಗ್ಗದ ಜಾಗವನ್ನು ಮೆಟ್ಟಿಲಿಗೆ ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ? ಮೆಟ್ಟಿಲು ಹೊರಗೋಡೆಗೆ ಬರುತ್ತದೆ. ಕೊಲ್ಲಾಪುರದಲ್ಲಿ ಕಬ್ಬಿಣದ ಎರಕದ ಕಾರ್ಖಾನೆಗಳೂ ಬೆಸುಗೆಯ ಅಂಗಡಿಗಳೂ ಬೇಕಾದಷ್ಟು ಇರುವುದರಿಂದ ತೊಲೆ, ಅಚ್ಚು ಯಾವುದಕ್ಕೂ ಕೊರತೆಯಿಲ್ಲ. ಪಂಚಗಂಗೆ 2019ರಲ್ಲೂ 2021ರಲ್ಲೂ ಉಕ್ಕಿ ಆ ಸೀಮೆಯ ಎಷ್ಟೋ ಮನೆಗಳ ಕೆಳಮಾಳಿಗೆಗೆ ನುಗ್ಗಿದ ಮೇಲೆ, ಮೇಲಕ್ಕೆ ಹೋಗುವ ದಾರಿ ಹೊರಗೂ ಒಂದಿರಲಿ ಎನ್ನುವವರು ಹೆಚ್ಚಾಗಿದ್ದಾರೆಂದು ಗೆಳೆಯರು ಹೇಳಿದರು.

ಅವರ ಮನೆಯಂಗಳದಲ್ಲಿ ಗವಂಡಿಯು (ನಮ್ಮಲ್ಲಿ ಮೇಸ್ತ್ರಿ ಎನ್ನುವವನನ್ನು ಅಲ್ಲಿ ಹಾಗೆನ್ನುತ್ತಾರೆ) ತಗಡಿನ ಅಚ್ಚಿನಲ್ಲಿ ಹಲಗೆ ಎರೆಯುತ್ತಿದ್ದನು. ಉದ್ದ ಒಂದು ಮೀಟರ್, ಅಗಲ 300 ಮಿಲಿಮೀಟರ್, ದಪ್ಪ 75. ನಮ್ಮ ದೇಶದ ಕಟ್ಟಡ ಸಂಹಿತೆಯಂತೆ ಮನೆಯ ಮೆಟ್ಟಿಲಿನ ಹಲಗೆ 250 ಮಿಲಿಮೀಟರಿಗೆ ಕಡಿಮೆ ಇರಬಾರದು, ಒಂದರಿಂದ ಒಂದಕ್ಕೆ ಏರಿಕೆ 190ನ್ನು ಮೀರಬಾರದು; ಗವಂಡಿಯ ಲೆಕ್ಕ ಇದರೊಳಗೇ ಇತ್ತು. ಅಚ್ಚಿಗೆ ಎಣ್ಣೆ ಸವರಿ, ತಳದಿಂದ ಬೆರಳಷ್ಟು ಮೇಲೆ ನಿಲ್ಲುವಂತೆ ಸಿಮೆಂಟಿನ ಸಣ್ಣ ಬಿಲ್ಲೆಗಳ ಮೇಲೆ ಕಂಬಿಯ ಜಾಲವಿಟ್ಟು, ಸಣ್ಣ ಜಲ್ಲಿಯ ಕಾಂಕ್ರೀಟು ಸುರಿದು, ಅಚ್ಚಿನ ಬದಿಗೆ ಸುತ್ತಿಗೆಯಿಂದ ತಟ್ಟಿ ಗಾಳಿಗುಳ್ಳೆ ಬಿಡಿಸುತ್ತಿದ್ದನು. ಮರುದಿನ ಬಿಡಿಸಿದ ಹಲಗೆಗಳು ನೀರಿನ ತೊಟ್ಟಿಯಲ್ಲಿ ಮುಳುಗಿ ಮಲಗಿದ್ದವು. ಏಳು ದಿನಕ್ಕೆ ಕಡಿಮೆಯಾದರೆ ತಾನು ಹೊರಗೆ ತೆಗೆಯುವುದಿಲ್ಲವೆಂದೂ, ಪೂರ್ತಿ ಗಟ್ಟಿಯಾಗಲು 28 ದಿನ ಬೇಕೆಂದೂ ಹೇಳಿದನು. ಕೂರಿಸಿದ ಮೇಲೆ ನೀರು ಹನಿಸುವುದಕ್ಕಿಂತ ಹೀಗೆ ನೆಲದ ಮೇಲೆಯೇ ಎರೆದು, ನೀರುಣಿಸಿ, ಒಂದೊಂದನ್ನೂ ತಟ್ಟಿ ನೋಡಿ ಏರಿಸುವುದು ಲೇಸು ಎಂಬುದೇ ಈ ಪದ್ಧತಿಯ ಗುಣ. ಕೆಟ್ಟದ್ದು ಕಂಡರೆ ಎಸೆಯಬಹುದು, ಮೆಟ್ಟಿಲನ್ನೇ ಒಡೆಯಬೇಕಿಲ್ಲ.

ಪ್ರತಿಯೊಂದು ಹಲಗೆಯ ನುಣುಪು ಮುಖದ ಮೇಲೆ ಕೆಂಪು ಬಣ್ಣದಲ್ಲಿ ನಾಗರಿ ಲಿಪಿಯ ಎರಡು ಅಕ್ಷರ ಬರೆದಿತ್ತು: ವರ. ಮರಾಠಿಯಲ್ಲಿ ಮೇಲೆ ಎಂದು ಅರ್ಥವಂತೆ. ನಮ್ಮ ಎದೆ ಧಸಕ್ಕೆಂದಿತು. ಅಚ್ಚಿನ ತಳದಲ್ಲಿ ಕಂಬಿ, ಆ ಮುಖವೇ ಮೇಲೆ. ನಮ್ಮ ಶಾಲೆಯಲ್ಲಿ ಆದುದೇ ಇಲ್ಲೂ ಆಗುತ್ತಿದೆ! ಮೇಷ್ಟರ ಗತ್ತಿನಲ್ಲಿ ನಾವು ಕೆಲಸ ನಿಲ್ಲಿಸಿ, ಹುಡುಗನ ಕೈ ಮುರಿದ ಕತೆ ಹೇಳಿ, ಕಂಬಿ ಕೆಳಗಿರಬೇಕೆಂದು ಉಪದೇಶಿಸಿದೆವು.

ಗವಂಡಿ ಎಲ್ಲವನ್ನೂ ಕೇಳಿದನು. ನಮ್ಮ ಹಲಗೆ ಯಾವುದರ ಮೇಲೆ ಕೂತಿತ್ತೆಂದು ವಿಚಾರಿಸಿದನು. ಎರಡು ತುದಿಗೆ ಎರಡು ತೊಲೆ ಎಂದೆವು. ಆಗ ಕಾಲಿನ ರಬ್ಬರು ಚಪ್ಪಲಿ ಕಳಚಿ ಎರಡು ಇಟ್ಟಿಗೆಗಳ ಮೇಲೆ ತುದಿ ತಾಗುವಂತೆ ಇಟ್ಟು ನಡುವೆ ಒತ್ತಿದನು. ಚಪ್ಪಲಿ ಕೆಳಕ್ಕೆ ಬಾಗಿತು, ಕೆಳಮೈ ಎಳೆದುಕೊಂಡಿತು. ಅನಂತರ ಒಂದೇ ಇಟ್ಟಿಗೆಯ ಮೇಲೆ ಅದರ ನಡುಭಾಗವನ್ನಿಟ್ಟು ಎರಡು ತುದಿಗಳನ್ನು ಒತ್ತಿದನು. ಈಗ ಬೆನ್ನು ಉಬ್ಬಿ ಮೇಲುಮೈ ಎಳೆದುಕೊಂಡಿತು. ಅಲ್ಲಿ ಕಟ್ಟುತ್ತಿದ್ದುದು ನಡುವೆ ಒಂದೇ ತೊಲೆಯ ಮೆಟ್ಟಿಲು, ಬೆನ್ನೆಲುಬಿನ ಎರಡು ಬದಿಗೆ ಪಕ್ಕೆಲುಬು ಚಾಚಿದ ಹಾಗೆ. ಅದಕ್ಕೆ ಕಂಬಿ ಮೇಲೆಯೇ ಇರಬೇಕು. ಗೋಡೆಯೊಳಗೆ ಒಂದು ತುದಿ ಹೂತು ಇನ್ನೊಂದು ತುದಿ ಗಾಳಿಯಲ್ಲಿ ನಿಲ್ಲುವ ಹಲಗೆಗೂ ಹಾಗೆಯೇ. ಎರಡು ತುದಿಗೂ ಆಧಾರವಿದ್ದರೆ ಮಾತ್ರ ಕೆಳಗೆ. ಒಂದೇ ಹಲಗೆ ಒಂದು ಮನೆಯಲ್ಲಿ ನೂರು ವರ್ಷ ಬಾಳುತ್ತದೆ, ಇನ್ನೊಂದರಲ್ಲಿ ಮುರಿಯುತ್ತದೆ. ಗೊತ್ತಿಲ್ಲದ ಗಿರಾಕಿಗೆ ಮಾರುವಾಗ ತಾನು ಎರಡೂ ಮೈಗೆ ಕಂಬಿ ಹಾಕುತ್ತೇನೆಂದು ಅವನು ಹೇಳಿದನು. ಗೆಳೆಯರು ನಗು ತಡೆದುಕೊಂಡು ನಮಗೆ ಚಹಾ ತರಿಸಿದರು.

ಚಹಾ ಕುಡಿಯುತ್ತ ನಾವು ಅವರಿಬ್ಬರಿಗೆ ಮೋನಿಯೇಯ ಉಳಿದ ಕತೆ ಹೇಳಿದೆವು. ಏಕೆಂದರೆ ಇದೇ ಪ್ರಶ್ನೆ, ಕಂಬಿ ಎಲ್ಲಿರಬೇಕು ಎಂಬುದು, ಆ ಮಾಲಿಯ ಬದುಕನ್ನೇ ಎರಡಾಗಿ ಸೀಳಿತು. ಮೋನಿಯೇಗೆ ಕಂಬಿಯೆಂದರೆ ಕುಂಡದ ಎಲುಬು. ಎಲುಬು ಮಾಂಸದ ನಡುವೆ ಇರುವಂತೆ ಅದು ನಡುವೆ ಇರಬೇಕು. ಕುಂಡದಂಥ ತೆಳ್ಳನೆಯ ದುಂಡು ವಸ್ತುವಿಗೆ ಅದು ಸಾಕಾಗಿತ್ತು. ಆದರೆ ಚಪ್ಪಟೆ ಹಲಗೆಯ ನಟ್ಟನಡುವೆ ಎಳೆತವೂ ಇಲ್ಲ, ಅದುಮಿಕೆಯೂ ಇಲ್ಲ. ಅಲ್ಲಿಟ್ಟ ಕಬ್ಬಿಣ ಅರ್ಧ ನಿದ್ದೆಯಲ್ಲಿರುತ್ತದೆ.

1880ರ ದಶಕದ ನಡುವೆ ಜರ್ಮನಿಯ ಕಟ್ಟಡ ವ್ಯಾಪಾರಿಗಳು ಈತನ ಹಕ್ಕುಗಳನ್ನು ಕೊಂಡರು. ಅವರಲ್ಲಿ ಗುಸ್ಟಾಫ್ ವಾಯ್ಸ್ ಎಂಬವನು ಮುಂದಾಳು. ಬರ್ಲಿನ್ನಿನಲ್ಲಿ ಹಲಗೆ, ಕಮಾನುಗಳ ಮೇಲೆ ಭಾರ ಹೇರಿ ಪರೀಕ್ಷೆ ನಡೆಸಿದರು. ಮಾಥಿಯಸ್ ಕೋನೆನ್ ಎಂಬ ಸರಕಾರಿ ಇಂಜಿನಿಯರನು ಲೆಕ್ಕ ಹಾಕಿ, ಎಳೆತ ಎಲ್ಲಿದೆಯೋ ಕಬ್ಬಿಣ ಅಲ್ಲಿರಬೇಕೆಂದು 1886ರಲ್ಲಿ ಪ್ರಕಟಿಸಿದನು. ಮರುವರ್ಷ ವಾಯ್ಸ್ ಇದನ್ನೆಲ್ಲ ಸೇರಿಸಿ ಮೋನಿಯೇ ಪದ್ಧತಿ ಎಂಬ ಹೆಸರಿನಲ್ಲೇ ಪುಸ್ತಕ ಹೊರಡಿಸಿದನು. ಬರ್ಲಿನ್ನಿಗೆ ಬಂದ ಮೋನಿಯೇ, ಕಂಬಿಯನ್ನು ಕೆಳಕ್ಕೆ ಇಳಿಸಿದ್ದು ಕಂಡು ಸಿಟ್ಟಾದನೆಂದೂ, ಕಂಡುಹಿಡಿದವನು ತಾನೋ ಅವರೋ ಎಂದು ಕೇಳಿದನೆಂದೂ ಒಂದು ಕತೆಯಿದೆ. ನಿಜವೋ ಸುಳ್ಳೋ, ಈ ಕತೆ ಹೇಳುವಾಗ ನಮಗೆ ಸ್ವಲ್ಪ ನಾಚಿಕೆಯಾಯಿತು. ಗವಂಡಿಯ ಮುಂದೆ ಅರ್ಧ ಗಂಟೆಯ ಹಿಂದೆ ನಾವು ಆಡಿದ್ದೂ ಅದೇ ಧಾಟಿಯ ಮಾತು.

ಹೆಸರು ಲೋಕವನ್ನು ಸುತ್ತಿತು. ಜರ್ಮನಿಯಲ್ಲಿ ಕಾಂಕ್ರೀಟಿನ ಕಂಬಿಗೆ ಮೋನಿಯೇ ಕಬ್ಬಿಣ ಎಂದೇ ಕರೆದರು, ಇಂದಿಗೂ ಆ ಮಾತು ಉಳಿದಿದೆ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ 1899ರಲ್ಲಿ ಯಾರಾ ನದಿಗೆ ಮೋನಿಯೇ ಕಮಾನಿನ ಸೇತುವೆ ಬಂತು; ಅದರಲ್ಲಿ ದುಡಿದ ಜಾನ್ ಮೊನಾಶ್ ಎಂಬ ಇಂಜಿನಿಯರನು ಮುಂದೆ ಮೊದಲ ಮಹಾಯುದ್ಧದ ಹೆಸರಾಂತ ದಂಡನಾಯಕನಾದನು. ನಮ್ಮ ಕೇರಳದ ಮಕ್ಕಳು ಓದಲು ಹೋಗುವ ಅಲ್ಲಿನ ಒಂದು ವಿಶ್ವವಿದ್ಯಾಲಯಕ್ಕೆ ಅವನ ಹೆಸರೇ ಇದೆ.

ಆದರೆ ಹಕ್ಕು ಮಾರಿದವನ ಕೈಯಲ್ಲಿ ಹಣ ನಿಲ್ಲಲಿಲ್ಲ. ಪರರಾಷ್ಟ್ರದಲ್ಲಿ ಪದ್ಧತಿ ಬೆಳೆದಷ್ಟೂ ಸ್ವಂತ ಊರಿನಲ್ಲಿ ವ್ಯಾಪಾರ ಸೊರಗಿತು. 1888ರಲ್ಲಿ ಮೋನಿಯೇಯ ಸಂಸ್ಥೆ ದಿವಾಳಿಯಾಯಿತು. 65ರ ಗಡಿಯಲ್ಲಿದ್ದ ಮುದುಕ ಮತ್ತೆ ಹೊಸ ಸಂಸ್ಥೆ ಕಟ್ಟಿದನು. 1891ರಲ್ಲಿ ದೂರವಾಣಿ, ವಿದ್ಯುತ್ ತಂತಿಗಳನ್ನು ಹಾಯಿಸುವ ಕಾಂಕ್ರೀಟು ನಾಳಕ್ಕೆ ಹಕ್ಕು ಪಡೆದನು. 1892ರಲ್ಲಿ ಫ್ರಾಂಸ್ವಾ ಎನೆಬಿಕ್ ಎಂಬ ಚತುರನು ತೊಲೆ, ಕಂಬ, ಹಾಸು ಎಲ್ಲವನ್ನೂ ಒಂದಾಗಿ ಹೆಣೆಯುವ ಕ್ರಮ ತಂದು ಫ್ರಾನ್ಸಿನ ಪೇಟೆಯನ್ನೇ ಹಿಡಿದನು. ಮಾಲಿಯನ್ನು ಕೇಳುವವರಿಲ್ಲವಾದರು. ಆತನ ಪದ್ಧತಿಯಿಂದ ಬದುಕಿದ ಸಿಮೆಂಟು ಉದ್ಯಮದ ಕೆಲವರು ಕೊನೆಗಾಲದಲ್ಲಿ ಆತನ ನೆರವಿಗಾಗಿ ಮನವಿ ಮಾಡಿಕೊಂಡರು. 1906ರ ಮಾರ್ಚ್ 13ರಂದು ಪ್ಯಾರಿಸಿನಲ್ಲಿ, 82ನೆಯ ವಯಸ್ಸಿನಲ್ಲಿ, ಬಡತನದಲ್ಲೇ ಜೋಸೆಫ್ ಮೋನಿಯೇ ತೀರಿಕೊಂಡನು.

ಗವಂಡಿ ಕೇಳಿದ್ದು ಒಂದೇ ಪ್ರಶ್ನೆ: ಆ ಕುಂಡಗಳಲ್ಲಿ ಯಾವ ಗಿಡ ನೆಟ್ಟಿದ್ದರು ಎಂದು. ಕಿತ್ತಳೆ ಎಂದೆವು.

ಊರಿಗೆ ಹಿಂತಿರುಗಿದ ಮೇಲೆ ನಾವು ಈಗಿರುವ ಶಾಲೆಯ ಹಿಂಬದಿಯ ತೆರೆದ ಮೆಟ್ಟಿಲನ್ನು ಕೆಳಗೆ ಕೂತು ನೋಡಿದೆವು. ಇಲ್ಲಿ ಕಡಲ ಗಾಳಿಯ ಉಪ್ಪು ಬೇರೆ. ಉಪ್ಪು ಒಳಗಿಳಿದರೆ ಸಿಮೆಂಟಿನ ಕಾವಲು ಸೋಲುತ್ತದೆ. ಕಂಬಿ ತುಕ್ಕಾಗಿ ಊದಿ, ಹಲಗೆಯ ಅಂಚನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಮೂರು ಹಲಗೆಗಳ ಕೆಳಮೈಯಲ್ಲಿ ಕಂದು ಗೆರೆ ಕಂಡಿತು. ಹಲಗೆ ಹಲಗೆಯ ನಡುವಿನ ಸಂದೂ ಚಿಕ್ಕ ಮಕ್ಕಳ ತಲೆ ತೂರುವಷ್ಟಿದೆ. ಇಂಗ್ಲೆಂಡಿನಲ್ಲಾದರೆ 100 ಮಿಲಿಮೀಟರಿನ ಚೆಂಡು ಕೂಡ ಅಲ್ಲಿ ದಾಟಬಾರದೆಂದು ನಿಯಮವಿದೆ. ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆದುಕೊಟ್ಟಿದ್ದೇವೆ. ಎರಡು ತುದಿಗೂ ತೊಲೆಯಿರುವುದರಿಂದ ಹೊಸ ಹಲಗೆಗಳಲ್ಲಿ ಕಂಬಿ ಕೆಳಗಿರಬೇಕೆಂದೂ, ಎರೆದ ದಿನವೇ ಮೇಲ್ಮುಖಕ್ಕೆ ಬಣ್ಣದ ಗುರುತು ಹಾಕಬೇಕೆಂದೂ ಅದರಲ್ಲಿ ಚಿತ್ರ ಸಮೇತ ತೋರಿಸಿದ್ದೇವೆ. ಅಲ್ಲಿಯವರೆಗೆ ಆ ಮೆಟ್ಟಿಲಿಗೆ ಹಗ್ಗ ಕಟ್ಟಿ, ಮಕ್ಕಳನ್ನು ಮುಂಬದಿಯಿಂದಲೇ ಹತ್ತಿಸುತ್ತಿದ್ದೇವೆ.